ಉಜ್ಜಿದರೂ ಹೋಗದ ಕೆಂಪು

ನಮ್ಮ ಲಾಂಡ್ರಿಯ ಇಸ್ತ್ರಿ ಮೇಸ್ತ್ರಿಗೆ, ಅಂದರೆ ನನ್ನ ಸೊಸೆಗೆ, ಮಾವ ಬರೆಯುವುದು.

ಅಂಗಡಿಗೆ ಬೆಂಕಿ ಬಿದ್ದಿದೆ. ಹಬೆ ಇಸ್ತ್ರಿಯ ಮೂಲೆಯಲ್ಲಿ ಹೊಗೆ ಶುರುವಾಗಿ, ಹಿಂದಿನ ಕೋಣೆಯಲ್ಲಿ ನೇತು ಹಾಕಿದ್ದ ಕೋಟುಗಳಿಗೆಲ್ಲ ಹತ್ತಿಕೊಂಡಿತು. ನಿಮ್ಮತ್ತೆ ಗಲ್ಲಾಪೆಟ್ಟಿಗೆಯನ್ನು ತಬ್ಬಿಕೊಂಡು ಬೀದಿಯಲ್ಲಿ ಕೂತಿದ್ದಾಳೆ. ಕಾಗದ ಕಂಡ ತಕ್ಷಣ ಹೊರಟು ಬಾ.

ಬೇಡ, ಚಪ್ಪಲಿ ಬಿಚ್ಚು, ಕೂತುಕೋ. ಯಾವ ಬೆಂಕಿಯೂ ಇಲ್ಲ. ನಿಮ್ಮತ್ತೆ ಎಂದಿನಂತೆ ಕೌಂಟರಿನ ಹಿಂದೆ ಕೂತು ಯಾರದೋ ಷರ್ಟಿನ ಗುಂಡಿ ಹೊಲಿಯುತ್ತ ನನ್ನನ್ನು ಬೈಯುತ್ತಿದ್ದಾಳೆ. ಫೋನು ಮಾಡಿದರೆ ನನ್ನ ದನಿ ಕೇಳಿದ ಕೂಡಲೇ ನಿಮ್ಮಕ್ಕನ ಕೈಗೆ ಕೊಟ್ಟುಬಿಡುತ್ತೀಯ. ಕಾಗದದಲ್ಲಿ ನನ್ನ ಅಕ್ಷರ ಕಂಡರೆ ಅಲ್ಲೇ ಹರಿಯುತ್ತೀಯ ಅಂತಲೂ ಗೊತ್ತು. ಬೆಂಕಿ ಅಂತ ಬರೆದರೆ ಮುಂದಿನ ಸಾಲಾದರೂ ಓದುತ್ತೀಯ ಅಂತ ಹಾಗೆ ಬರೆದೆ. ತಪ್ಪಾಯಿತು. ಆದರೆ ಒಂದು ಮಾತು. ಈಗ ನಿನ್ನ ಎದೆ ಹೊಡೆದುಕೊಂಡಿತಲ್ಲ, ಅಂಗೈ ಬೆವರಿತಲ್ಲ? ಬೆಂಕಿ ಸುಳ್ಳು, ಬೆವರು ನಿಜ. ಇದನ್ನು ಸ್ವಲ್ಪ ನೆನಪಿಟ್ಟುಕೊಂಡಿರು. ಮುಂದೆ ಬೇಕಾಗುತ್ತದೆ.

ನಮ್ಮದು ಒಗೆತನವೇ ಒಗೆಯುವುದರ ಮೇಲೆ ನಿಂತ ಮನೆ. ಕಲೆ ತೆಗೆಯುವುದೂ ಒಂದು ಕಲೆ ಅಂತ ಬೋರ್ಡು ಬರೆಸಿದವನು ನಾನು. ಮದುವೆಯ ಗಂಡಿಗೆ ಅವನ ಕೋಟಿನ ಬದಲು ಒಂದು ಮಗುವಿನ ಕೋಟು ಎತ್ತಿ ಕೊಟ್ಟು, ‘ನೀರಲ್ಲಿ ಸ್ವಲ್ಪ ಕುಗ್ಗಿದೆ ಸಾರ್, ಉಸಿರು ಬಿಗಿ ಹಿಡಿದ್ರೆ ಆಗುತ್ತೆ’ ಅಂದವನೂ ನಾನೇ. ಆವತ್ತು ಆ ಗಂಡು ಅಳುವ ಹಾಗಾದ. ನೀನು ಮಾತ್ರ ಹಬೆ ಇಸ್ತ್ರಿಯ ಹಿಂದೆ ಬಗ್ಗಿ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕೆ. ಮನೆಗೆ ಬಂದು ಇನ್ನೂ ಹೊಸತು, ಮಾವನ ಎದುರು ನಗಬಾರದು ಅಂತ ಬಾಯಿಗೆ ಯಾರದೋ ದಿಂಬಿನ ಚೀಲ ತುರುಕಿಕೊಂಡಿದ್ದೆ. ಅದಾದ ಸ್ವಲ್ಪ ದಿನಕ್ಕೆ ನನ್ನ ಷರ್ಟಿನ ತೋಳಿನ ತುದಿಗಳನ್ನು ಹೊಲಿದು ಮುಚ್ಚಿಟ್ಟೆ. ನಾನು ಕೈ ತೂರಿಸಿ, ತೂರಿಸಿ, ಕೊನೆಗೆ ಗಾಳಿಪಟದ ಹಾಗೆ ನಿಂತಾಗ ನಿಮ್ಮತ್ತೆ, ‘ಒಬ್ರು ಸಾಲದು ಅಂತ ಇನ್ನೊಬ್ಳು ಬಂದ್ಲು’ ಅಂದಳು. ನನಗೆ ಎಷ್ಟು ಖುಷಿಯಾಯಿತು ಅಂತ ನಿನಗೆ ಯಾವತ್ತೂ ಹೇಳಲಿಲ್ಲ. ನನ್ನ ಮಗನಿಗೆ ನಗೆಯೇ ಅಂಟಲಿಲ್ಲ, ಗಂಜಿ ಹಾಕಿದ ಕಾಲರಿನ ಹಾಗೆ ನೆಟ್ಟಗೆ ಬೆಳೆದ. ನನಗೊಬ್ಬಳು ಜೊತೆಗಾತಿ ಸಿಕ್ಕಿದಳು ಅಂದುಕೊಂಡೆ.

ಆ ಖುಷಿಯೇ ನಿನಗೆ ಮುಳುವಾಯಿತು.

ಮೊದಲನೆಯ ಸಲ ನಿನ್ನ ಮೈಮೇಲೆ ಅದು ಎದ್ದ ಬೆಳಿಗ್ಗೆ ಅಂಗಡಿಯಲ್ಲಿ ಗಿಜಿಗಿಜಿ. ನಿನ್ನ ಗಂಡ ಬಾಗಿಲಲ್ಲಿ ವ್ಯಾನಿಗೆ ಮೂಟೆ ತುಂಬುತ್ತಿದ್ದ. ದೊಡ್ಡ ಹೋಟೆಲಿನ ಹೆಡ್ ವೇಟರು ಟೇಬಲ್ ಬಟ್ಟೆಗಳ ಗಂಟು ತಂದು ಕೌಂಟರಿನ ಮೇಲೆ ಇಟ್ಟಿದ್ದ. ನಾನು ಪಕ್ಕದಲ್ಲಿ ಕೂತು ಬಟ್ಟೆಗಳ ಒಳಅಂಚಿಗೆ ಕೆಂಪು ಇಂಕಿನಲ್ಲಿ ನಂಬರು ಒತ್ತುತ್ತಿದ್ದೆ. ನೀನು ತೋಳು ಮಡಿಸಿ ಕೆರೆದುಕೊಳ್ಳುತ್ತ ಬಂದೆ. ಮೊಣಕೈಯಿಂದ ಮಣಿಕಟ್ಟಿನವರೆಗೆ ಕೆಂಪು ದದ್ದುಗಳು ಉಬ್ಬಿದ್ದವು. ಒಂದಕ್ಕೊಂದು ಕೂಡಿಕೊಂಡು, ನಡುವೆ ಬೆಳ್ಳಗೆ, ಅಂಚಿನಲ್ಲಿ ಕೆಂಪಗೆ. ‘ಮಾವ, ಇದೇನು ನೋಡಿ’ ಅಂದೆ. ನಾನು ಹೆಬ್ಬೆರಳಿಗೆ ಎಂಜಲು ಹಚ್ಚಿ ನಿನ್ನ ತೋಳನ್ನು ಉಜ್ಜಿದೆ. ಆಮೇಲೆ ಹೆಬ್ಬೆರಳನ್ನು ಎಲ್ಲರಿಗೂ ಕಾಣುವ ಹಾಗೆ ಎತ್ತಿ ಹಿಡಿದೆ. ಅದು ಕೆಂಪಾಗಿತ್ತು. ‘ನೋಡ್ರಪ್ಪಾ, ಬಣ್ಣ ಬಿಡ್ತು. ನಮ್ಮ ಸೊಸೆ ಮಾವನ್ನೇ ಮೀರಿಸಿದ್ಲು’ ಅಂದೆ. ಎಲ್ಲರೂ ನಕ್ಕರು. ವ್ಯಾನಿನ ಹತ್ತಿರ ನಿಂತಿದ್ದ ನಿನ್ನ ಗಂಡ ಕೂಡ ನಕ್ಕ, ಅವನು ನಗುವುದೇ ಅಪರೂಪ. ನೀನು, ‘ಇಲ್ಲ ಮಾವ, ನಾನೇನೂ ಹಚ್ಕೊಂಡಿಲ್ಲ’ ಅಂದೆ. ನಾನು ಕಣ್ಣು ಹೊಡೆದೆ.

ಆ ಹೆಬ್ಬೆರಳಿನ ವಿಷಯ ಇನ್ನೂ ಒಂದಿದೆ. ಅದನ್ನು ಕೊನೆಗೆ ಬರೆಯುತ್ತೇನೆ. ಈಗಲೇ ಬರೆದರೆ ನಡುವಿನದನ್ನು ನೀನು ಓದಲಿಕ್ಕಿಲ್ಲ, ನಡುವಿನದು ನಿನಗೆ ತುಂಬ ಬೇಕಾದದ್ದು.

ಸಂಜೆ ನಿನ್ನ ಗಂಡ ಬರುವ ಹೊತ್ತಿಗೆ ದದ್ದುಗಳು ಹೇಳಹೆಸರಿಲ್ಲದೆ ಮಾಯವಾಗಿದ್ದವು. ಒಂದು ಗೆರೆ ಕೂಡ ಉಳಿದಿರಲಿಲ್ಲ. ‘ಅಪ್ಪನ ಶಿಷ್ಯೆ’ ಅಂದ ಅವನು. ಅದೇ ನಿನಗೆ ಹೆಸರಾಯಿತು. ಆಮೇಲೆ ದಿನ ಬಿಟ್ಟು ದಿನ, ಕೊನೆಕೊನೆಗೆ ದಿನವೂ, ಅವನು ವ್ಯಾನು ತೆಗೆದುಕೊಂಡು ಹೋದ ಮೇಲೆ ಏಳುವುದು, ಬರುವುದರೊಳಗೆ ಇಳಿಯುವುದು. ಒಂದೆರಡು ಸಲ ಅವನ ಕಣ್ಣಿಗೆ ಬಿದ್ದರೂ, ‘ಇಸ್ತ್ರಿ ಕಾವು, ದೊಡ್ಡದು ಮಾಡ್ಬೇಡ’ ಅಂದ. ಔಷಧಿ ಅಂಗಡಿಯವನು ಪಿತ್ತಗಂಧೆ ಅಂತ ಹೇಳಿ ತುರಿಕೆ ಮಾತ್ರೆ ಕೊಟ್ಟ. ತಿಂದ ದಿನ ಸ್ವಲ್ಪ ಕಡಿಮೆ, ಬಿಟ್ಟ ದಿನ ಮತ್ತೆ ಹಾಜರ್. ನಿದ್ದೆ ಬರುತ್ತೆ, ಇಸ್ತ್ರಿ ಕೈ ಮೇಲೆ ಬೀಳುತ್ತೆ ಅಂತ ನೀನು ಅದನ್ನೂ ಬಿಟ್ಟೆ. ಗಂಧೆ ಅಂತ ಅದಕ್ಕೆ ಯಾರು ಹೆಸರಿಟ್ಟರೋ ಗೊತ್ತಿಲ್ಲ, ನಿನ್ನನ್ನಂತೂ ಗಂಧದ ಕೊರಡಿನ ಹಾಗೆ ತೇಯ್ದು ತೇಯ್ದು ಸವೆಸಿತು.

ಆಮೇಲೆ ಶುರುವಾಯಿತಲ್ಲ ಕಳ್ಳನ ಬೇಟೆ. ಮೊಟ್ಟೆ ಬಿಟ್ಟೆ. ಹಾಲು ಬಿಟ್ಟೆ. ಟೊಮೇಟೊ ಕಂಡರೆ ಪೊಲೀಸರ ಹಾಗೆ ನೋಡತೊಡಗಿದೆ. ಸೋಪು ಬದಲಾಯಿತು, ಹಾಸಿಗೆ ಬದಲಾಯಿತು, ಬೆಕ್ಕನ್ನು ಎದುರು ಮನೆಯ ದರ್ಜಿಗೆ ಕೊಟ್ಟುಬಿಟ್ಟೆ. ಅದು ಈಗಲೂ ದಿನಾ ಬಂದು ನಿನ್ನ ಇಸ್ತ್ರಿ ಮೇಜಿನ ಕೆಳಗೆ ಮಲಗಿ ಹೋಗುತ್ತದೆ. ಕಲೆ ತೆಗೆಯುವ ದ್ರಾವಣದ ಮೇಲೆ ಅನುಮಾನ ಬಂದಾಗ ಬಾಟಲಿಗಳನ್ನೆಲ್ಲ ಹಿತ್ತಿಲಿಗೆ ಸಾಗಿಸಿದೆ. ಕೊನೆಗೆ ಇಡೀ ಅಂಗಡಿಯ ಮೇಲೆಯೇ ಅನುಮಾನ. ನಿಜ ಹೇಳಬೇಕೆಂದರೆ ನಡುವೆ ನನ್ನ ಮೇಲೂ ಬಂದಿತ್ತು. ನಿನ್ನ ಹೊದಿಕೆಗೆ ನಾನು ತುರಿಕೆ ಪುಡಿ ಉದುರಿಸುತ್ತೇನೇನೋ ಅಂತ ನೀನು ಅದನ್ನು ಕಿಟಕಿಯಲ್ಲಿ ಕೊಡವಿ ನೋಡುತ್ತಿದ್ದುದನ್ನು ಕಂಡೆ. ಕಂಡೂ ಕಾಣದ ಹಾಗೆ ಹೋದೆ. ಬೇಜಾರಾಗಲಿಲ್ಲ, ಅಷ್ಟು ಹೆಸರು ಸಂಪಾದಿಸಿದವನು ನಾನೇ ಅಲ್ಲವೇ.

ನೀನು ಹೊರಟ ದಿನದ್ದು ಬರೆಯಲು ಕೈ ಬರುವುದಿಲ್ಲ, ಆದರೂ ಬರೆಯುತ್ತೇನೆ. ಎದ್ದಾಗಲೇ ನಿನ್ನ ಮೇಲ್ದುಟಿ ಊದಿತ್ತು. ಬಾಯಿಗೆ ಟವೆಲು ಮುಚ್ಚಿಕೊಂಡು ಕೆಳಗೆ ಬಂದು ಗಂಡನನ್ನು ಕರೆದೆ. ಅವನು ವ್ಯಾನಿನ ಚಕ್ರದ ಹತ್ತಿರ ಕುಕ್ಕರುಗಾಲಲ್ಲಿ ಕೂತಿದ್ದ. ತಲೆಯೆತ್ತದೆಯೇ, ‘ಸಾಕು ಬಿಡೇ, ಅಪ್ಪನ ಹತ್ರ ಕಲಿತಿದ್ದು’ ಅಂದ. ನೀನು ಟವೆಲು ತೆಗೆದು ನಿಂತೆ. ಅವನು ತಿರುಗಲೇ ಇಲ್ಲ. ವ್ಯಾನು ಹತ್ತಿ ಹೊರಟುಹೋದ. ನಾನು ಮೆಟ್ಟಿಲ ಮೇಲಿಂದ ನೋಡಿದೆ. ನಿನ್ನ ಮುಖ ನಿನ್ನದೇ ಅನ್ನಿಸಲಿಲ್ಲ. ಕೆಳಗಿಳಿದು ಬರಬೇಕಾಗಿತ್ತು. ಬರಲಿಲ್ಲ. ನೀನು ಚೀಲ ತುಂಬಿಕೊಂಡು ನಿಮ್ಮಕ್ಕನ ಮನೆಗೆ ಹೋದೆ.

ಅಲ್ಲಿ ಇಸ್ತ್ರಿ ಇಲ್ಲ, ದ್ರಾವಣ ಇಲ್ಲ, ಬೆಕ್ಕಿಲ್ಲ, ಮಾವನೂ ಇಲ್ಲ. ಆದರೂ ಏಳುತ್ತಿದೆಯಂತೆ. ನಿಮ್ಮಕ್ಕ ಹೇಳಿದಳು, ‘ಬರೀ ಅನ್ನ, ಸೌತೆಕಾಯಿ ತಿಂದ್ಕೊಂಡು ಕೂತಿದಾಳೆ, ದಿನಾ ಮಲಗೇ ಇರ್ತಾಳೆ. ಇಲ್ಲೇ ಎಲ್ಲಾದ್ರೂ ಕೆಲಸ ನೋಡ್ಕೋತೀನಿ, ಆ ಮನೆಗೆ ಹೋಗಲ್ಲ ಅಂತಾಳೆ. ಡಾಕ್ಟ್ರ ಹತ್ರ ಬಾ ಅಂದ್ರೆ, ಅಲ್ಲಿಗೆ ಹೋಗೋಷ್ಟರಲ್ಲಿ ಮೈ ನುಣ್ಣಗಿರುತ್ತೆ, ಅವರೂ ನಗ್ತಾರೆ ಅಂತಾಳೆ.’ ಆ ‘ಅವರೂ’ ಅನ್ನುವ ಮಾತು ನನ್ನನ್ನು ತಿಂದುಹಾಕಿತು.

ಡಾಕ್ಟರ ಹತ್ತಿರ ನೀನು ಹೋಗದಿದ್ದರೆ ನಿನ್ನ ದದ್ದಾದರೂ ಹೋಗಲಿ ಅಂತ ಒಂದು ಉಪಾಯ ಮಾಡಿದೆ. ನಿಮ್ಮತ್ತೆಯ ಲಿಪ್‌ಸ್ಟಿಕ್ಕು, ಸ್ವಲ್ಪ ಮುಖದ ಪೌಡರು ತೆಗೆದುಕೊಂಡು ಕನ್ನಡಿಯ ಮುಂದೆ ಕೂತು ನನ್ನ ಎಡತೋಳಿನ ಮೇಲೆ ನಿನ್ನ ಗಂಧೆಯನ್ನು ಬರೆದುಕೊಂಡೆ. ಮೊಣಕೈಯ ಒಳಮಡಿಕೆಯಲ್ಲಿ ಎರಡು ದದ್ದು ಸೇರಿ ಒಂದಾಗುವುದು, ಗಡಿಯಾರದ ಪಟ್ಟಿ ಒತ್ತಿದ ಕಡೆ ಗೆರೆ ಗೆರೆಯಾಗಿ ಏಳುವುದು, ನಡುವಿನ ಬಿಳುಪು, ಎಲ್ಲ. ಬರೆಯುತ್ತ ಬರೆಯುತ್ತ ಗೊತ್ತಾಯಿತು, ನನಗೆ ಅದೆಲ್ಲ ಬಾಯಿಪಾಠವಾಗಿದೆ. ನಿಮ್ಮತ್ತೆ ಬಾಗಿಲಲ್ಲಿ ನಿಂತು, ‘ಈ ವಯಸ್ಸಲ್ಲಿ ಯಾವ ನಾಟಕದಲ್ಲಿ ಪಾರ್ಟು ಸಿಕ್ತು?’ ಅಂದಳು. ಹಾಗೇ ಎದ್ದು ಚರ್ಮದ ಡಾಕ್ಟರ ಹತ್ತಿರ ಹೋದೆ.

ಡಾಕ್ಟರು ಹೆಂಗಸು, ನಿನಗಿಂತ ಸ್ವಲ್ಪ ದೊಡ್ಡವರು. ನಾನು ತೋಳು ಚಾಚಿ ನರಳಿದೆ. ಅವರು ಒಂದು ಹತ್ತಿಯ ಉಂಡೆಗೆ ಸ್ಪಿರಿಟ್ಟು ಹಾಕಿ ಒರೆಸಿದರು. ಹತ್ತಿ ಕೆಂಪಾಯಿತು. ‘ಯಜಮಾನ್ರೇ, ಯಾವ ಕಂಪನಿ ಲಿಪ್‌ಸ್ಟಿಕ್ ಇದು?’ ಅಂದರು. ‘ನನ್ನದಲ್ಲ ಡಾಕ್ಟ್ರೇ, ಹೆಂಡತೀದು’ ಅಂದೆ. ಎದ್ದು ಹೋಗಿ ಅನ್ನುತ್ತಾರೆ ಅಂದುಕೊಂಡೆ. ಅವರು ಉಳಿದ ದದ್ದುಗಳನ್ನು ಒರೆಸಲಿಲ್ಲ. ದೀಪ ಹತ್ತಿರ ಎಳೆದು ನೋಡಿದರು. ‘ಬಣ್ಣ ಸುಳ್ಳು, ಆದ್ರೆ ದದ್ದು ಸರಿಯಾಗಿದೆ. ದಿನಾ ನೋಡಿರೋರು ಬಿಟ್ರೆ ಬೇರೆಯವರು ಹೀಗೆ ಬರೆಯಕ್ಕಾಗಲ್ಲ. ಯಾರದಿದು?’ ಅಂದರು.

‘ನಮ್ಮ ಸೊಸೇದು’ ಅಂದೆ.

ಒಂದು ದದ್ದು ಎಷ್ಟು ಹೊತ್ತು ಇರುತ್ತೆ ಅಂತ ಕೇಳಿದರು. ಸಂಜೆಗೆ ಮಾಯ, ಅದಕ್ಕೇ ಯಾರೂ ನಂಬಲಿಲ್ಲ ಅಂದೆ. ‘ಒಂದು ದಿನದೊಳಗೆ ಗುರುತಿಲ್ದೆ ಹೋಗೋದು ಸುಳ್ಳಿನ ಲಕ್ಷಣ ಅಲ್ಲ ಯಜಮಾನ್ರೇ, ಈ ಕಾಯಿಲೆ ಲಕ್ಷಣವೇ ಅದು’ ಅಂದರು. ಈ ಸಾಲನ್ನು ಇನ್ನೊಂದು ಸಲ ಓದು. ನೀನು ಇಷ್ಟು ತಿಂಗಳು ಯಾವುದಕ್ಕೆ ನಾಚಿಕೊಂಡೆಯೋ ಅದೇ ನಿನ್ನ ಪರ ಸಾಕ್ಷಿ.

ಆಮೇಲೆ ಅವರು ಹೇಳಿದ್ದನ್ನು ನನಗೆ ತಿಳಿದ ಹಾಗೆ ಹೇಳುತ್ತೇನೆ. ಚರ್ಮದೊಳಗೆ ಕಾವಲುಗಾರರ ಹಾಗೆ ಕೆಲವು ಕಣಗಳಿರುತ್ತವಂತೆ. ಹೊರಗಿನ ಶತ್ರು ಬಂದ ಅಂತ ಗಂಟೆ ಬಾರಿಸಿದರೆ ಅವು ತಮ್ಮ ಚೀಲ ಬಿಚ್ಚುತ್ತವೆ, ಚೀಲದಲ್ಲಿರುವುದೇ ತುರಿಕೆ, ಊತ, ಕೆಂಪು. ಒಂದು ದಿನ ಎದ್ದು ಹೋಗುವ ಗಂಧೆಗೆ ಮೊಟ್ಟೆಯೋ ಔಷಧಿಯೋ ಕಾರಣ ಇರಬಹುದು. ಆದರೆ ತಿಂಗಳುಗಟ್ಟಲೆ ಕಾಡುವ ಗಂಧೆಯಲ್ಲಿ ಎಷ್ಟೋ ಸಲ ಹೊರಗೆ ಯಾರೂ ಇರುವುದಿಲ್ಲವಂತೆ. ಕೆಲವರ ಮೈಯಲ್ಲಿ, ಶತ್ರುವನ್ನು ಹೊಡೆಯಬೇಕಾದ ರಕ್ಷಣೆಯ ಪಡೆಯೇ ದಾರಿ ತಪ್ಪಿ, ತನ್ನದೇ ಕಾವಲುಗಾರರ ಗಂಟೆ ಬಾರಿಸುತ್ತ ಕೂರುತ್ತದೆ. ‘ಅಂದ್ರೆ ಮೈಯೇ ಮೈಮೇಲೆ ಕಾಲು ಕೆರೆದು ಜಗಳಕ್ಕೆ ಬರೋದು’ ಅಂದೆ. ‘ಕಾಲು ಒಂದೇ ಅಲ್ಲ, ಕೈ, ಬೆನ್ನು ಎಲ್ಲ ಕೆರೆದು’ ಅಂದರು ಡಾಕ್ಟರು. ಬೆಂಕಿ ಸುಳ್ಳು, ಬೆವರು ನಿಜ ಅಂದೆನಲ್ಲ, ಇದೇ ಅದು. ನಿನ್ನ ಮೈಗೆ ಯಾರೋ ದಿನಾ ಸುಳ್ಳು ಕಾಗದ ಬರೆಯುತ್ತಿದ್ದಾರೆ, ಪಾಪ ಅದು ದಿನಾ ನಂಬಿ ಓಡಿ ಬರುತ್ತಿದೆ.

ಗಿರಾಕಿಗಳಿಗೆ ನೀನೇ ಹೇಳುತ್ತಿದ್ದೆಯಲ್ಲ. ಕೆಂಪು ಕಾಲರಿನ ಬಿಳಿ ಷರ್ಟು ಮೈತುಂಬ ಗುಲಾಬಿಯಾಗಿ ಬಂದಾಗ ಅವರು ನಮ್ಮ ಸೋಪಿಗೆ ಬೈಯುತ್ತಿದ್ದರು. ನೀನು ಕಾಲರು ಮಡಿಸಿ ತೋರಿಸಿ, ‘ಹೊರಗಿಂದ ಬಿದ್ದ ಕಲೆ ಅಲ್ಲ ಸಾರ್, ಬಟ್ಟೆ ತನ್ನ ಮೇಲೆ ತಾನೇ ಬಣ್ಣ ಬಿಟ್ಕೊಂಡಿದೆ’ ಅನ್ನುತ್ತಿದ್ದೆ. ನಿನ್ನ ಚರ್ಮದ ವಿಷಯದಲ್ಲಿ ಮಾತ್ರ ನೀನೂ ನಾವೂ ಸೋಪಿಗೇ ಬೈಯುತ್ತ ಕೂತೆವು.

ಡಾಕ್ಟರು ಇನ್ನೊಂದು ಪ್ರಶ್ನೆ ಕೇಳಿದರು. ‘ಅವರಿಗೆ ಚಳಿ ಜಾಸ್ತಿನಾ?’ ನಾನು ಅಲ್ಲೇ ತಣ್ಣಗಾದೆ. ಹಬೆ ಇಸ್ತ್ರಿಯ ಪಕ್ಕದಲ್ಲಿ, ನಾವೆಲ್ಲ ಬನಿಯನ್ನಿನಲ್ಲಿ ಬೆವರುವ ಜಾಗದಲ್ಲಿ, ನೀನು ಸ್ವೆಟರು ಹಾಕಿಕೊಂಡು ನಿಲ್ಲುತ್ತಿದ್ದೆ. ‘ಏನಮ್ಮಾ, ಸ್ವೆಟರ್ ಒಣಗಿಸಕ್ಕೆ ಹಾಕಿದೀಯಾ?’ ಅಂತ ನಾನು ಎಷ್ಟು ಸಲ ಅಂದಿದ್ದೇನೆ. ಸುಸ್ತು? ಮೂಟೆಯ ಮೇಲೆ ತಲೆಯಿಟ್ಟು ನಿದ್ದೆ ಹೋಗುತ್ತಿದ್ದೆ. ಕೂದಲು? ಬಾಚಣಿಗೆ ತುಂಬ. ದನಿ? ಫೋನಿನಲ್ಲಿ ಮೊನ್ನೆ ಕೇಳಿದ್ದು ನಿಮ್ಮಕ್ಕನ ದನಿಯೋ ನಿನ್ನದೋ ತಿಳಿಯಲಿಲ್ಲ, ಅಷ್ಟು ದಪ್ಪ. ಮನೆಯಲ್ಲಿ ಯಾರಿಗಾದರೂ ಥೈರಾಯ್ಡ್ ಇತ್ತೇ ಅಂತ ಕೇಳಿದರು. ನಿಮ್ಮಮ್ಮ ನಮ್ಮಲ್ಲಿಗೆ ಬಂದಾಗಲೆಲ್ಲ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಒಂದು ಪುಟ್ಟ ಮಾತ್ರೆ ನುಂಗುತ್ತಿದ್ದರು. ‘ಬೀಗಿತ್ತಿ ಪೆಪ್ಪರ್‌ಮೆಂಟು ನಂಗೂ ಒಂದು’ ಅಂತ ಕೈಯೊಡ್ಡುತ್ತಿದ್ದೆ. ಅವರು, ‘ಇದು ಗಂಟಲಿಂದು ಬೀಗರೇ’ ಅಂತ ಕುತ್ತಿಗೆ ಮುಟ್ಟಿ ತೋರಿಸುತ್ತಿದ್ದರು. ನೆನಪಿದೆಯಾ?

ದಾರಿ ತಪ್ಪಿದ ಆ ಪಡೆ ಚರ್ಮವೊಂದನ್ನೇ ಹಿಡಿಯುತ್ತದೆ ಅಂತ ಇಲ್ಲವಂತೆ. ಇಂಥ ಗಂಧೆ ಇರುವವರಲ್ಲಿ, ಅದರಲ್ಲೂ ಹೆಂಗಸರಲ್ಲಿ, ಅದೇ ಪಡೆ ಥೈರಾಯ್ಡ್ ಗ್ರಂಥಿಯ ಮೇಲೂ ಬಿದ್ದಿರುವುದು ಉಳಿದವರಿಗಿಂತ ಹೆಚ್ಚಂತೆ. ‘ಇದೆ ಅಂತ ನಾನು ಹೇಳ್ತಿಲ್ಲ. ಲಿಪ್‌ಸ್ಟಿಕ್ ನೋಡಿ ರೋಗ ಹೇಳೋ ಡಾಕ್ಟ್ರಲ್ಲ ನಾನು. ರಕ್ತ ನೋಡ್ಬೇಕು. ಥೈರಾಯ್ಡ್ ಇದ್ರೆ ಅದಕ್ಕೆ ಮಾತ್ರೆ ಇದೆ, ಸುಸ್ತು ಚಳಿ ಇಳಿಯುತ್ತೆ. ಅದರಿಂದಲೇ ಗಂಧೆ ಹೋಗುತ್ತೆ ಅಂತ ಮಾತು ಕೊಡಲ್ಲ. ಗಂಧೆಗೆ ನಿದ್ದೆ ಅಷ್ಟಾಗಿ ಬರಿಸದ ಮಾತ್ರೆಗಳಿವೆ, ಅದಕ್ಕೂ ಬಗ್ಗದಿದ್ರೆ ಇಂಜೆಕ್ಷನ್ ಇದೆ. ಊಟ ಬಿಡಿಸ್ಬೇಡಿ’ ಅಂದರು. ತುಟಿ ಊದಿದ್ದನ್ನು ಹೇಳಿದಾಗ ಮಾತ್ರ ಅವರ ಮುಖದಲ್ಲಿದ್ದ ನಗೆ ಹೋಯಿತು. ನಾಲಿಗೆ, ಗಂಟಲು ಊದಿದರೆ, ಉಸಿರು ಕಟ್ಟಿದರೆ, ಒಂದು ನಿಮಿಷವೂ ಕಾಯದೆ ಆಸ್ಪತ್ರೆಗೆ ಓಡಬೇಕಂತೆ. ಇದು ತಮಾಷೆಯಲ್ಲ. ನಿಮ್ಮಕ್ಕನಿಗೂ ಓದಿ ಹೇಳು.

ಗುರುವಾರ ಬೆಳಿಗ್ಗೆ ನಿನ್ನ ಹೆಸರಿನಲ್ಲಿ ಸಮಯ ತೆಗೆದುಕೊಂಡಿದ್ದೇನೆ. ಮೈಮೇಲೆ ಏನೂ ಇಲ್ಲದಿದ್ದರೂ ಬರಲಿ, ನಾನು ನಂಬುತ್ತೇನೆ ಅಂದಿದ್ದಾರೆ ಡಾಕ್ಟರು. ನನ್ನ ಮುಖ ನೋಡುವುದು ಬೇಡವಾದರೆ ನಾನು ಬರುವುದಿಲ್ಲ, ನಿಮ್ಮತ್ತೆ ಡಾಕ್ಟರ ಬಾಗಿಲಲ್ಲಿ ಕಾಯುತ್ತಾಳೆ. ಆಮೇಲೆ ನೀನು ಎಲ್ಲಿಗೆ ಬೇಕಾದರೂ ಹೋಗು. ಅಂಗಡಿಗೆ ಬಾ ಅಂತ ಕೇಳುವುದಿಲ್ಲ. ಡಾಕ್ಟರ ಹತ್ತಿರ ಹೋಗು, ಅಷ್ಟೇ.

ಈಗ ಹೆಬ್ಬೆರಳು.

ಆವತ್ತು ನಿನ್ನ ತೋಳನ್ನು ಉಜ್ಜಿದಾಗ ನನ್ನ ಹೆಬ್ಬೆರಳಿಗೆ ಏನೂ ಅಂಟಲಿಲ್ಲ. ಮುಟ್ಟಿದಾಗಲೇ ಗೊತ್ತಾಗಿತ್ತು, ದದ್ದು ಬಿಸಿಯಾಗಿತ್ತು, ಉಬ್ಬಿತ್ತು, ನಿಜವಾಗಿತ್ತು. ಅಷ್ಟರಲ್ಲಿ ಹೆಡ್ ವೇಟರು ನಿನ್ನ ತೋಳು ನೋಡಿ ಒಂದು ಹೆಜ್ಜೆ ಹಿಂದೆ ಹೋದ. ಟೇಬಲ್ ಬಟ್ಟೆಗಳ ಗಂಟನ್ನು ಮೆಲ್ಲಗೆ ತನ್ನ ಕಡೆಗೆ ಎಳೆದುಕೊಂಡ. ಲಾಂಡ್ರಿಯವರ ಮೈಮೇಲೆ ದದ್ದು ಅಂತ ಬೀದಿಯಲ್ಲಿ ಸುದ್ದಿಯಾದರೆ ನಮ್ಮ ಬಾಗಿಲಿಗೆ ಯಾರು ಬರುತ್ತಾರೆ? ನಾನು ಕೌಂಟರಿನ ಕೆಳಗೆ ಕೈ ಇಳಿಸಿ ಹೆಬ್ಬೆರಳನ್ನು ಇಂಕಿನ ಪ್ಯಾಡಿಗೆ ಒತ್ತಿದೆ. ಎತ್ತಿ ತೋರಿಸಿದೆ. ಅವನು ನಕ್ಕು ಗಂಟನ್ನು ಮತ್ತೆ ಮುಂದಕ್ಕೆ ತಳ್ಳಿದ. ಆ ಸಂಜೆ ನೀನು ಗಂಡನ ಹತ್ತಿರ, ‘ಮಾವನ ಬೆರಳಲ್ಲಿ ಮೊದಲೇ ಇಂಕ್ ಇತ್ತೇನೋ’ ಅಂತ ನನ್ನ ಪರವಾಗಿ ಮಾತಾಡಿದ್ದೆ. ಅವನು ಬಂದು ನನ್ನನ್ನು ಕೇಳಿದ, ‘ಅಪ್ಪಾ, ತಮಾಷೆ ಬಿಟ್ಟು ಹೇಳು, ಮೊದಲೇ ಇತ್ತಾ?’ ಅಂತ. ‘ಇಲ್ಲಪ್ಪಾ, ಕೈ ತೊಳೆದಿದ್ದೆ’ ಅಂದೆ. ಜೀವಮಾನವಿಡೀ ನಾನು ಮಾಡಿದ್ದೆಲ್ಲ ನಗುವುದಕ್ಕೆ. ಇದೊಂದನ್ನು ಮಾತ್ರ ನಗುವುದಕ್ಕೆ ಮಾಡಲಿಲ್ಲ. ಟೇಬಲ್ ಬಟ್ಟೆಗಳಿಗಾಗಿ ನಿನ್ನನ್ನು ಸುಳ್ಳಿಯನ್ನಾಗಿ ಮಾಡಿದೆ.

ಇದನ್ನು ನಿನ್ನೆ ನಿನ್ನ ಗಂಡನಿಗೆ ಹೇಳಿದೆ. ಮೊದಲು ಇದೂ ಒಂದು ತಮಾಷೆ ಅಂದುಕೊಂಡ. ಆಮೇಲೆ ತನ್ನ ಹೆಬ್ಬೆರಳನ್ನೇ ಇಂಕಿನ ಪ್ಯಾಡಿಗೆ ಒತ್ತಿ ನೋಡಿಕೊಂಡ. ನನ್ನ ಜೊತೆ ಮಾತಾಡಿಲ್ಲ. ನಿನ್ನ ಹತ್ತಿರ ಮಾತಾಡುವುದು ಅವನಿಗೆ ಬಿಟ್ಟದ್ದು, ಕೇಳುವುದು ನಿನಗೆ ಬಿಟ್ಟದ್ದು. ಹೆಡ್ ವೇಟರಿಗೂ ಹೇಳಿದೆ, ಇದು ಅಂಟುವ ರೋಗವಲ್ಲ ಅನ್ನುವುದನ್ನೂ ಹೇಳಿದೆ. ಈ ವಾರ ಅವನ ಗಂಟು ಬಂದಿಲ್ಲ. ಬರದಿದ್ದರೆ ಬರದಿರಲಿ.

ನಿನ್ನ ಮೈಗೂ ನಿನಗೂ ಬೇಗ ರಾಜಿಯಾಗಲಿ, ತಾಯಿ. ನೀನು ಹೇಳಿದ್ದನ್ನು ಹೇಳಿದ ಕೂಡಲೇ ನಂಬುವವರು ನಿನ್ನ ಸುತ್ತ ಇರಲಿ. ಹೊಟ್ಟೆ ತುಂಬ ಉಣ್ಣು.

ಇಂತಿ,
ಹೆಬ್ಬೆರಳನ್ನು ಇನ್ನೂ ತೊಳೆಯುತ್ತಿರುವ ನಿನ್ನ ಮಾವ